ತೊಳೆದು ಕೊಡುವ ವಂಶದ ಬಡಗಿ

ಮುತ್ತಜ್ಜ ಹೊಳೆಗೆ ಮರದ ಸೇತುವೆ ಕಟ್ಟಿ, ಮೊದಲು ತಾನೇ ಅದರ ಮೇಲೆ ಕುಣಿದು ತೋರಿಸಿ, ಆಮೇಲೆ ಊರವರನ್ನು ಬಿಟ್ಟವನು. ಅಜ್ಜ ಊರಿನ ತೊಟ್ಟಿಲುಗಳನ್ನೆಲ್ಲ ಮಾಡಿದವನು. ಅಪ್ಪ ಉಳಿ, ಬಾಚಿ ಯಾರು ಕೇಳಿದರೂ ಇಲ್ಲವೆನ್ನದವನು. ಆದರೆ ತೊಳೆದು, ಮಸೆದು, ಎಣ್ಣೆ ಸವರದೆ ಒಂದನ್ನೂ ಹೊಸ್ತಿಲು ದಾಟಿಸಿದವನಲ್ಲ. ಆ ವಂಶದ ಕುಡಿ ನಮ್ಮ ಬಡಗಿ. ಕಲ್ಲು ತಿಂದರೂ ಅರಗಿಸಿಕೊಳ್ಳುವ ಹೊಟ್ಟೆ ಅವನದು.

ಅವನ ಅಕ್ಕನಿಗೆ ಬೇರೆಯವರ ಕಿಡ್ನಿ ಜೋಡಿಸಿದ್ದರು. ಅದನ್ನು ಮೈ ಹೊರದಬ್ಬದಿರಲೆಂದು ಕೊಡುವ ಮಾತ್ರೆಗಳಿಂದ ರೋಗ ತಡೆಯುವ ಕಸುವೇ ಕುಗ್ಗಿತ್ತು. ಅಂಥ ಹೊತ್ತಿನಲ್ಲಿ ಯಾವ ಔಷಧಿಗೂ ಜಗ್ಗದ ಬ್ಯಾಕ್ಟೀರಿಯಾ ಕರುಳಿನಲ್ಲಿ ಠಿಕಾಣಿ ಹೂಡಿ, ಆಗಾಗ ರಕ್ತಕ್ಕೆ ನುಗ್ಗಿ ಜ್ವರ ಬರಿಸುತ್ತಿತ್ತು. ಇನ್ನೊಂದು ಸಲ ಬಂದರೆ ಜೀವಕ್ಕೇ ಸಂಚಕಾರ.

“ಗಟ್ಟಿಮುಟ್ಟಾಗಿರೋರ ಮಲದಲ್ಲಿ ಒಳ್ಳೆ ಬ್ಯಾಕ್ಟೀರಿಯಾ ಇರ್ತವೆ,” ಎಂದರು ಡಾಕ್ಟರಮ್ಮ. “ಸೋಸಿ ಇವರ ಕರುಳಿಗೆ ಬಿಟ್ರೆ, ಅವು ಜಾಗ ಹಿಡಿದು ಕೆಟ್ಟದ್ದನ್ನ ಓಡಿಸಬಹುದು. ಖಂಡಿತ ಅಂತ ಹೇಳಲ್ಲ, ನೋಡೋಣ.”

ತಮ್ಮನನ್ನು ಅಡಿಯಿಂದ ಮುಡಿಯವರೆಗೆ ಪರೀಕ್ಷೆ ಮಾಡಿದರು. ಎಳ್ಳಷ್ಟೂ ಐಬಿಲ್ಲ. ಸೋಮವಾರ ಬರಹೇಳಿದರು.

ಸೋಮವಾರ ಇಸ್ತ್ರಿ ಅಂಗಿ ತೊಟ್ಟು ಬಂದ ಬಡಗಿ, ನರ್ಸ್ ಕೊಟ್ಟ ಡಬ್ಬಿ ಹಿಡಿದು ಒಳಹೋದ. ಖಾಲಿ ಡಬ್ಬಿಯೊಂದಿಗೇ ಹೊರಬಂದ.

“ನಿನ್ನೆ ಏನು ತಿಂದ್ರಿ?” ಎಂದರು ಡಾಕ್ಟರಮ್ಮ.

“ಏನೂ ಇಲ್ಲ. ಹರಳೆಣ್ಣೆ ಕುಡಿದು ಹೊಟ್ಟೆ ಪೂರ್ತಿ ತೊಳ್ಕೊಂಡೇ ಬಂದಿದೀನಿ. ಅಕ್ಕಂಗೆ ಕೊಳಕು ಕೊಡೋಕಾಗುತ್ತಾ?”

“ಅಯ್ಯೋ ಪುಣ್ಯಾತ್ಮ! ನಮಗೆ ಬೇಕಾಗಿದ್ದೇ ಅದು! ವಾರ ಪೂರ್ತಿ ಹೊಟ್ಟೆ ತುಂಬ ಉಂಡು ಬನ್ನಿ.”

ಅಕ್ಕ ಹಾಸಿಗೆಯಿಂದಲೇ ನಕ್ಕಳು. “ಚಿಕ್ಕಂದಿನಿಂದ ನನ್ನ ತಟ್ಟೆಗೆ ಕೈ ಹಾಕಿ ತಿಂದೋನು, ವಾಪಸ್ ಕೊಡೋ ಹೊತ್ತಿಗೆ ಕೈ ಎತ್ತಿಬಿಟ್ಯಲ್ಲೋ!” ನಗುತ್ತಲೇ, ಜ್ವರ ಬಂತೇನೋ ಎಂದು ತನ್ನ ಹಣೆ ಮುಟ್ಟಿ ನೋಡಿಕೊಂಡಳು. ತಮ್ಮ ಅದನ್ನು ಕಂಡ.

ಆ ವಾರ ಅವನು ತುತ್ತು ತುತ್ತಿಗೂ ಅಕ್ಕನ ಹಣೆಯನ್ನೇ ನೆನೆದು ಉಂಡ. ಪುಣ್ಯಕ್ಕೆ ಜ್ವರ ಅತ್ತ ಸುಳಿಯಲಿಲ್ಲ. ಮುಂದಿನ ಸೋಮವಾರ ಮತ್ತೆ ಡಬ್ಬಿ ಹಿಡಿದು ಬಾಗಿಲು ಹಾಕಿಕೊಂಡ. ಹೊರಗೆ ನರ್ಸ್, ಡಾಕ್ಟರಮ್ಮ, ಭಾವ ಎಲ್ಲ ಬಾಗಿಲಿಗೇ ಕಿವಿಗೊಟ್ಟು ನಿಂತರು. ಒಳಗಿನಿಂದ ಸದ್ದಿಲ್ಲ.

ನರ್ಸ್ ಬಾಗಿಲು ತಟ್ಟಿದಳು. “ಅಣ್ಣಾ, ಆಗ್ತಿಲ್ವಾ? ಬಿಸಿನೀರು ತರಲಾ? ಏನಾದ್ರೂ ಸಹಾಯ ಬೇಕಾ?”

“ಬೇಡ ತಂಗೀ! ತೊಲೆ ಎತ್ತೋ ಕೆಲಸ ಇದ್ರೆ ನಾನೇ ಕೂಗ್ತೀನಿ. ಇದೊಂದಕ್ಕೆ ಮಾತ್ರ ಯಾರ ಸಹಾಯನೂ ಬೇಡ. ನೀವೆಲ್ಲ ಬಾಗಿಲು ಬಿಟ್ಟು ಆಚೆ ಹೋಗಿ, ತಾನಾಗೇ ಆಗುತ್ತೆ!”