ಅಕ್ಷರ ನೋಡಿದೆವು, ಕೈ ನೋಡಲಿಲ್ಲ

ಹಿರೇಕೆರೂರಿನಲ್ಲಿ ನನ್ನದು ಸುಟ್ಟ ಪಂಪ್‌ಸೆಟ್ ಮೋಟಾರ್ ಬಿಚ್ಚಿ ಮತ್ತೆ ತಂತಿ ಸುತ್ತಿ ಕೊಡುವ ಅಂಗಡಿ. ಏಳನೇ ಕ್ಲಾಸಿಗೇ ಸಾಲಿ ಬಿಟ್ಟವ ನಾನು. ಆದರೆ ನಾನು ಸುತ್ತಿದ ಮೋಟಾರ್ ಅದೇ ಹಂಗಾಮಿನಲ್ಲಿ ತಿರುಗಿ ಬಂದದ್ದಿಲ್ಲ. ಜಂಬ ಅನ್ನುವವರು ಅನ್ನಲಿ.

ಕೆಲಸ ಕಲಿಸಿದ ಉಸ್ತಾದರದು ಒಂದು ಕಟ್ಟುನಿಟ್ಟು ಇತ್ತು: ಫ್ಯೂಜಿಗೆ ಕೈ ಹಾಕಿದರೆ ಬಾಯಿ ಮುಚ್ಚಬೇಕು. ಮೂರೂ ಫ್ಯೂಜ್ ಕಿತ್ತು, ಟೆಸ್ಟರ್ ಹಚ್ಚಿ ಕರೆಂಟ್ ಇಲ್ಲ ಅಂತ ಖಾತ್ರಿ ಆಗುವ ತನಕ ಒಂದು ಮಾತೂ ಇಲ್ಲ. ನಾನು ಇಂದಿಗೂ ಹಾಗೇ ಮಾಡುವುದು.

ಮೋಟಾರ್ ಚಾಲೂ ಮಾಡುವ ಸ್ಟಾರ್ಟರ್ ಡಬ್ಬಿಯೊಳಗಿನ, ಕರೆಂಟ್ ಕೂಡಿಸುವ ಪಾಯಿಂಟ್ ನಾನು ಸ್ವಚ್ಛ ಮಾಡುವುದನ್ನು ಹೋದ ವರ್ಷ ಹೆಂಡತಿ ಮೊಬೈಲಿನಲ್ಲಿ ಹಿಡಿದಳು. ರೈತರಿಗೆ ಉಪಯೋಗ, ಅಂಗಡಿಗೂ ಹೆಸರು. ಎರಡು ಎಐ ಆ್ಯಪ್ ಇಳಿಸಿಕೊಂಡಿದ್ದಳು. ಎರಡೂ ಮಾತು ಕೇಳಿ ತಾವೇ ಕೆಳಗೆ ಅಕ್ಷರ ಬರೆಯುತ್ತವೆ, ಬ್ಯಾಡಾದದ್ದನ್ನು ತಾವೇ ಕತ್ತರಿಸುತ್ತವೆ. ಮೊದಲನೆಯದು ವಿಡಿಯೋದಲ್ಲಿ ನನ್ನ ತಲೆಯ ಸುತ್ತ ಬೆಂಕಿಯ ಚಿತ್ರ ಹಚ್ಚಿ, ಮಾತುಮಾತಿಗೂ ಹಲ್ಲು ಕಿಸಿಯುವ ಮುಖ ಎಸೆಯಿತು.

“ಥೂ! ಇದೇನ ಅಂಗಡಿಯೋ ಬಯಲಾಟೋ?”

“ಮಂದಿಗೆ ಇದ ಬೇಕ್ರಿ. ಬರೇ ನಿಮ್ಮ ಮಾರಿ ನೋಡಾಕ ಯಾರ ಬರ್ತಾರ?”

“ನೀ ಬಂದೀಯಲ್ಲ.”

“ನಮ್ಮಪ್ಪ ಕಳಿಸ್ಯಾನ, ಬಂದೇನಿ.”

ಎರಡನೆಯದು ಸಭ್ಯವಾಗಿತ್ತು. ಅಕ್ಷರದ ಕೆಳಗೆ ಬೆರಳಿಟ್ಟು ಎರಡು ಸಲ ಓದಿದೆ. ಒಂದು ಒತ್ತಕ್ಷರವೂ ತಪ್ಪಿರಲಿಲ್ಲ. ಇದೇ ಇರಲಿ ಅಂದೆ. ಇಂಟರ್ನೆಟ್ಟಿಗೆ ಹಾಕಿದಳು. ಸಾವಿರಗಟ್ಟಲೆ ಮಂದಿ ನೋಡಿದರು, ನಾನು ಉಬ್ಬಿದೆ.

ವಾರದೊಳಗೆ ಚಿಕ್ಕೇರೂರಿನ ನನ್ನ ಹಳೇ ಗಿರಾಕಿಯೊಬ್ಬರು ಬಲಗೈಗೆ ಅರಿವೆ ಸುತ್ತಿಕೊಂಡು ಬಂದರು.

“ನೀವು ತೋರಿಸಿದಂಗ ಮಾಡಿದ್ನಿರಿ. ಕರೆಂಟ್ ಎತ್ತಿ ಒಗದ ಬಿಡ್ತು.”

“ಫ್ಯೂಜ್ ಕಿತ್ತಿದ್ರಿಲ್ಲೋ?”

“ನೀವೆಲ್ಲಿ ಕಿತ್ತೀರಿ?”

ಸಿಟ್ಟು ನೆತ್ತಿಗೇರಿತು. ಅವರು ಮೊಬೈಲ್ ಮುಂದೆ ಹಿಡಿದರು. ನೋಡಿದೆ. ನಾನು “ನಮಸ್ಕಾರ” ಅನ್ನುತ್ತೇನೆ, ಮರುಕ್ಷಣವೇ ಡಬ್ಬಿ ತೆರೆದು ಪಾಯಿಂಟಿಗೆ ಪಾಲಿಶ್ ಪೇಪರ್ ಹಚ್ಚಿರುತ್ತೇನೆ. ನಡುವಿನದು ಇಲ್ಲವೇ ಇಲ್ಲ. ಮಾತಿಲ್ಲದ್ದೆಲ್ಲ ಕಸ ಅಂತ ಆ ಆ್ಯಪ್ ಫ್ಯೂಜ್ ಕಿತ್ತದ್ದನ್ನೂ ಟೆಸ್ಟರ್ ಹಚ್ಚಿದ್ದನ್ನೂ ಕತ್ತರಿಸಿ ಒಗೆದಿತ್ತು. ನಾವು ಗಂಡಹೆಂಡತಿ ಅಕ್ಷರ ತಿದ್ದುವುದರಲ್ಲೇ ಇದ್ದೆವು, ನನ್ನ ಕೈ ಏನು ಮಾಡಾಕತ್ತೈತಿ ಅಂತ ಒಬ್ಬರೂ ನೋಡಿರಲಿಲ್ಲ.

ಆ ಆ್ಯಪಿನ ಮೇಲೆ ಹೇಸಿಗೆ ಬಂತು. ಅದಕ್ಕಿಂತ ಹೆಚ್ಚು ನನ್ನ ಮೇಲೆ. ಬರವಣಿಗೆ ನೆಟ್ಟಗಿದ್ದರೆ ಎಲ್ಲ ನೆಟ್ಟಗಿರುತ್ತದೆ ಅಂತ ನಂಬಿದ್ದೆನಲ್ಲ, ಅದೂ ಈ ವಯಸ್ಸಿನಲ್ಲಿ.

ಹೆಂಡತಿ ಮೆಲ್ಲಗೆ, “ಆ ಬೆಂಕಿ ಆ್ಯಪಿನಾಗ ಮಾಡೂಣೇನ್ರಿ?” ಅಂದಳು.

“ಎರಡೂ ಬ್ಯಾಡ. ಮೊದ್ಲ ಆ ವಿಡಿಯೋ ಅಳಿಸು.”

ಅಳಿಸಿದಳು. ಎರಡು ದಿನದ ಮೇಲೆ ಅದೇ ವಿಡಿಯೋ ತಿಳವಳ್ಳಿಯ ಪರಿಚಯದವರೊಬ್ಬರಿಂದ ನನ್ನ ವಾಟ್ಸಾಪಿಗೇ ಬಂತು, ಹೊಗಳಿಕೆ ಸಮೇತ. ಕೂಡಲೇ ಫೋನ್ ಹಚ್ಚಿ, ಅದು ತಪ್ಪೈತಿ, ಹಂಗ ಮಾಡಿದ್ರ ಜೀವಕ್ಕ ಅಪಾಯ ಅಂತ ಹೇಳಿದೆ.

“ಹೌದೇನ್ರಿ? ನಮ್ಮೂರ ರೈತರ ಗುಂಪಿಗೆಲ್ಲ ಕಳಿಸೇನಲ್ರಿ!”

ಅಂಗಡಿಯ ಬಾಗಿಲು ಎಳೆದು ತಿಳವಳ್ಳಿ ಬಸ್ ಹತ್ತಿದೆ.