ಚಿಕ್ಕಪ್ಪ ಅಳೆಯುತ್ತಿದ್ದ ಕಡಲು

ಹೊಸ ನಾರಿನ ಹಗ್ಗದ ವಾಸನೆ ಮೂಗಿಗೆ ಬಡಿದರೆ ಸಾಕು, ನ್ಯಾಮತಿಯ ನಮ್ಮ ಹಗ್ಗದ ಅಂಗಡಿ, ಅದರ ಹಿಂದಿನ ಮನೆ, ಅಲ್ಲಿದ್ದವರೆಲ್ಲ ಕಣ್ಣ ಮುಂದೆ ಬರುತ್ತಾರೆ. ಅಂಗಡಿ ಅಪ್ಪನದು. ರೈತರು ಎತ್ತಿಗೆ, ಬಾವಿಗೆ ಹಗ್ಗ ಕೊಂಡರೆ ಚಿಕ್ಕಪ್ಪ ಸಮುದ್ರಕ್ಕೆ ಒಯ್ಯುತ್ತಿದ್ದ. ಕರಾವಳಿಯ ಸಂಶೋಧನಾ ಕೇಂದ್ರವೊಂದರಲ್ಲಿ ಅವನ ಕೆಲಸ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ, ಕಡಲೊಳಗೆ ಚಾಚಿದ ಕಲ್ಲಿನ ಕಟ್ಟೆಯಿಂದ ಬಕೆಟ್ ಇಳಿಬಿಟ್ಟು, ಸೇದಿದ ನೀರಿನ ಬಿಸಿಯನ್ನು ಥರ್ಮಾಮೀಟರಿನಲ್ಲಿ ನೋಡಬೇಕು. ತೆಂಗಿನ ನಾಡಿಗೆ ನಮ್ಮೂರಿನ ನಾರಿನ ಹಗ್ಗವೇ ಎಂದು ಅಪ್ಪ ನಗುತ್ತಿದ್ದ. ಮನೆಗೆ ಬರಲು ಚಿಕ್ಕಪ್ಪನಿಗೆ ಅದೊಂದು ನೆಪ.

ಅಜ್ಜಿಗೆ ಆ ಕೆಲಸದ ಮೇಲೆ ಸಿಟ್ಟು. ಅಳತೆ ಒಂದು ದಿನವೂ ತಪ್ಪಬಾರದೆಂದು ಅವನು ಹಬ್ಬಕ್ಕೂ ಬರುತ್ತಿರಲಿಲ್ಲ. ಬದಲಿಗೆ ಯಾರಾದರೂ ಸಿಕ್ಕಾಗ ಬಂದರೂ ಬಂದ ಪುಟ್ಟ, ಹೋದ ಪುಟ್ಟ. "ಸಮುದ್ರ ಏನು ಓಡಿ ಹೋಗ್ತೈತೇನೋ?" ಎಂದು ಬಡಿಸುತ್ತಲೇ ಬೈಯುವಳು.

ಒಂದು ಬೇಸಿಗೆಯಲ್ಲಿ ನಾನೂ ಅಜ್ಜಿಯೂ ಅವನಿದ್ದ ಕರಾವಳಿಗೆ ಹೋದೆವು. ಚಿಕ್ಕಪ್ಪ ನೀರು ಸೇದಿಟ್ಟದ್ದೇ ತಡ, ಅಜ್ಜಿ ಬಕೆಟ್ಟಿಗೆ ಮೊಣಕೈ ಅದ್ದಿದಳು. ನಮ್ಮನ್ನೆಲ್ಲ ಎರೆದು ಬೆಳೆಸಿದವಳು; ಅವಳ ಮೊಣಕೈ ಒಪ್ಪದ ನೀರು ಮಗುವಿನ ಮೈಗೆ ಬೀಳುತ್ತಿರಲಿಲ್ಲ. "ಕೂಸಿಗೆ ಎರೆಯೋ ಹದ ಐತೆ," ಎಂದಳು. ಚಿಕ್ಕಪ್ಪ ನಕ್ಕು, ವರ್ಷಗಟ್ಟಲೆ ನೋಡಿದರಷ್ಟೇ ಕಡಲು ಬಿಸಿಯಾಗುತ್ತಿದೆಯೋ ಇಲ್ಲವೋ ತಿಳಿಯುವುದು, ಬಿಸಿಯಾದರೆ ಮೀನು ದೂರ ಹೋಗುತ್ತವೆ, ದಡದ ಜನರ ಅನ್ನವೂ ಹೋಗುತ್ತದೆ ಎಂದ. ಅಜ್ಜಿ ಸೆರಗಿನಲ್ಲಿ ಮೊಣಕೈ ಒರೆಸಿಕೊಂಡಳು. "ಹೌದು ಬಿಡು. ದಿನಾ ಮುಟ್ಟಿ ನೋಡೋರಿಗೇ ಮೈ ಬಿಸಿ ಆಗಿದ್ದು ಗೊತ್ತಾಗೋದು."

ಆಮೇಲೆ ಅವಳು ಬೈಯಲಿಲ್ಲ. ಹಬ್ಬದ ದಿನ ಬಾಗಿಲ ಕಡೆ ಒಮ್ಮೆ ನೋಡಿ ಊಟಕ್ಕೆ ಕೂರುವಳು. ಅದನ್ನು ನೋಡಿದರೆ ಬೈಗುಳವೇ ವಾಸಿಯಿತ್ತು ಎನಿಸಿ ನನಗೆ ಸಂಕಟವಾಗುತ್ತಿತ್ತು.

ಅವಳು ಹಾಸಿಗೆ ಹಿಡಿದು, ಒಂದು ನಸುಕಿನಲ್ಲಿ ಏದುಸಿರು ಬಿಡತೊಡಗಿದಾಗ ಅಪ್ಪ ಫೋನ್ ಎತ್ತಿಕೊಂಡ. ಅಜ್ಜಿ ಕೈಸನ್ನೆಯಲ್ಲೇ ತಡೆದಳು. "ಈಗ ಹೇಳಿದ್ರೆ ಬಿಟ್ಟು ಓಡಿ ಬರ್ತಾನೆ. ನೀರು ನೋಡಿಯಾದ ಮ್ಯಾಲೆ ಹೇಳು." ಅಪ್ಪ ಅವಳ ಮಾತು ಮೀರಲಿಲ್ಲ. ಚಿಕ್ಕಪ್ಪ ಘಟ್ಟ ಹತ್ತಿ ಬರುವಷ್ಟರಲ್ಲಿ ಅಜ್ಜಿ ಇರಲಿಲ್ಲ.

ಈಗ ಅಪ್ಪನೂ ಇಲ್ಲ, ಆ ಮನೆಯೂ ಇಲ್ಲ. ಕಡಲ ಬಿಸಿಯನ್ನು ಯಂತ್ರವೇ ಅಳೆಯುತ್ತದಂತೆ. ಅಜ್ಜಿ ಫೋನ್ ತಡೆದಿದ್ದನ್ನು ಅಪ್ಪ ಕೊನೆಯವರೆಗೂ ತಮ್ಮನಿಗೆ ಹೇಳಿರಲಿಲ್ಲ. ಮೊನ್ನೆ, ನಿವೃತ್ತನಾದ ಚಿಕ್ಕಪ್ಪನಿಗೆ ನಾನೇ ಹೇಳಿದೆ.

"ಒಂದಿನ ತಪ್ಪಿದ್ರೆ ಹಿಂದಿನ ದಿನದ್ದು, ಮುಂದಿನ ದಿನದ್ದು ನೋಡಿ ಅಂದಾಜು ಹಾಕ್ತೀವಿ ಕಣಮ್ಮ," ಎಂದ. "ಅವ್ವಗೆ ಅದೊಂದನ್ನ ನಾನು ಹೇಳೇ ಇರಲಿಲ್ಲ."