ಕೋಲಿಲ್ಲದ ಎಂಟು ದಿನ

ನಮ್ಮ ಮನೆಯಲ್ಲಿ ಒಂದು ಕಾನೂನಿತ್ತು. ನಾನು ಕೆಲಸದಿಂದ ಬಂದರೆ ಬಾಗಿಲಿನಿಂದ ಸೀದಾ ಬಚ್ಚಲಿಗೆ. ಸ್ನಾನವಾಗುವ ತನಕ ಕುರ್ಚಿ ಮುಟ್ಟುವಂತಿಲ್ಲ, ಚಹಾ ಕೇಳುವಂತಿಲ್ಲ, ಆಡು ಕುರಿಯ ಮಾತೆತ್ತುವಂತಿಲ್ಲ. ಧಾರವಾಡದ ಕಡೆಯ, ಮೊಟ್ಟೆ ಕೂಡ ಮುಟ್ಟದ ಮನೆತನದವನು ನಾನು. ದನದ ಡಾಕ್ಟರಿಕೆ ಓದಿ, ಕೇಂದ್ರ ಸರಕಾರದ ನೌಕರಿ ಹಿಡಿದು, ಕಲಕತ್ತೆಯ ಅಂಚಿನ ಒಂದು ಕಸಾಯಿಖಾನೆಗೆ ತಪಾಸಣೆ ಅಧಿಕಾರಿಯಾಗಿ ಬಂದು ಬಿದ್ದಿದ್ದೆ. ನಾವಿದ್ದ ಸಾಲ್ಟ್ ಲೇಕ್ ಬಡಾವಣೆಯ ನೆರೆಹೊರೆಗೆ ಹೆಂಡತಿ "ಪಶು ಇಲಾಖೆ" ಎಂದಷ್ಟೇ ಹೇಳಿದ್ದಳು. ಸುಳ್ಳೇನಲ್ಲ.

ಲಾರಿಯಿಂದಿಳಿದ ಆಡುಗಳು ಎರಡು ಗೋಡೆಗಳ ನಡುವಿನ ಇಕ್ಕಟ್ಟಾದ ಓಣಿಯಲ್ಲಿ ಸಾಗಿ, ಒಂದು ತಿರುವು ದಾಟಿ, ಒಳಗಿನ ಶೆಡ್ಡಿಗೆ ಹೋಗಬೇಕು. ತಿರುವಿಗೆ ಬಂದೊಡನೆ ಮುಂದಿನ ಆಡು ನಿಲ್ಲುತ್ತಿತ್ತು, ಹಿಂದಿನವು ಅದರ ಮೇಲೇರುತ್ತಿದ್ದವು, ಕೋಲುಗಳು ಬೀಳುತ್ತಿದ್ದವು. ಹೇಗೂ ಸಾಯುವ ಜೀವ, ಅದಕ್ಕೆ ಮೊದಲು ಈ ಹೊಡೆತವೇಕೆ? ಹೊಡೆಯಕೂಡದೆಂದು ದಿಲ್ಲಿಯ ಸುತ್ತೋಲೆಯೂ ನನ್ನ ಕೈಯಲ್ಲಿತ್ತು.

ಕೆಲಸಗಾರರ ಯೂನಿಯನ್ನಿನ ಮುಖಂಡ ಗಿಡ್ಡನೆಯ ಮನುಷ್ಯ, ಹೆಗಲಿಗೊಂದು ಜೋಳಿಗೆ. ಎಲ್ಲರೂ ಅವನನ್ನು ದಾದಾ ಎನ್ನುತ್ತಿದ್ದರು. ಸುತ್ತೋಲೆ ಓದಿ, "ಚೊಲ್ಬೆ ನಾ" ಎಂದ. ನಡೆಯುವುದಿಲ್ಲ ಅಂತ. ಆ ಕಾಲದ ಕಲಕತ್ತೆಯಲ್ಲಿ ಈ ಮಾತಿಗೆ ಮೇಲ್ಮನವಿಯೇ ಇರಲಿಲ್ಲ. ನಾನು ಬಿಡಲಿಲ್ಲ. ಕೊನೆಗೆ ಅವನೇ ಪಂಥ ಕಟ್ಟಿದ:

"ಡಾಕ್ಟರ್‌ಬಾಬು, ಎಂಟು ದಿನ ಕೋಲು ಮುಟ್ಟುವುದಿಲ್ಲ, ನಿಮ್ಮ ಆಫೀಸಿನ ಬೀರುವಿನಲ್ಲಿಡಿ. ಅಷ್ಟರಲ್ಲಿ ಆಡುಗಳು ತಾವಾಗಿ ನಡೆದರೆ ಕೋಲು ನಿಮ್ಮ ಬೀರುವಿನಲ್ಲೇ ಇರಲಿ. ನಡೆಯದಿದ್ದರೆ ಕೋಲು ವಾಪಸ್, ನೀವು ಮತ್ತೆ ಈ ಮಾತೆತ್ತಬಾರದು." ಹೋಗುತ್ತ ಒಂದು ಮಾತು ಸೇರಿಸಿದ: "ನೀವು ಬರುವ ಮೊದಲು ಇವು ಇಷ್ಟು ನಿಲ್ಲುತ್ತಲೂ ಇರಲಿಲ್ಲ."

ಉದ್ಧಟತನ ಎಂದುಕೊಂಡೆ. ಕೋಲುಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಜಡಿದೆ.

ಮರುದಿನದಿಂದ ಬಿಳಿ ಕೋಟು ತೊಟ್ಟು, ಬಿಸಿಲಿಗೆ ಕರಿ ಛತ್ರಿ ಹಿಡಿದು, ತಿರುವಿನಾಚೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನಿಂತೆ. ಎಂದಿನ ನನ್ನ ಜಾಗವೇ ಅದು. ಆಡುಗಳು ನಿಂತವು. ಒಂದೊಂದನ್ನೂ ಎತ್ತಿ ಸಾಗಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ನೆಲದ ನೀರು ಕಂಡು ಹೆದರಿರಬೇಕೆಂದು ಮರುದಿನ ನೆಲ ಒರೆಸಿಸಿದೆ. ನಿಂತವು. ಗೋಡೆಯ ಮೇಲೆ ಒಣಹಾಕಿದ ಗಮ್ಛಾ ಟವೆಲು, ಪಂಚೆಗಳನ್ನು ತೆಗೆಸಿದೆ. ಆಗಲೂ ನಿಂತವು.

ಉಳಿದದ್ದು ತಿರುವಿನ ಬಿದಿರು ಕಂಬದ ಮೇಲೆ ಪಟಪಟಿಸುತ್ತಿದ್ದ ಯೂನಿಯನ್ನಿನ ಕೆಂಪು ಬಾವುಟ. ಅದನ್ನೂ ತೆಗೆಯಬೇಕೆಂದು ಎದೆ ಗಟ್ಟಿ ಮಾಡಿಕೊಂಡು ದಾದಾನಿಗೆ ಹೇಳಿದೆ. ಕೆಲಸ ನಿಂತಿತು, ಸಭೆ ಸೇರಿತು. ಮಣ್ಣಿನ ಲೋಟದಲ್ಲಿ ಎರಡೆರಡು ಸುತ್ತು ಚಹಾ ಆದ ಮೇಲೆ ನಿರ್ಣಯ ಹೊರಬಿತ್ತು: ಬಾವುಟ ಹಿಂದೆ ಸರಿಯುವುದಿಲ್ಲ, ಹತ್ತು ಗಜ ಮುಂದೆ ಸಾಗುತ್ತದೆ. ಘೋಷಣೆಗಳೊಂದಿಗೆ ಅದು ಗೇಟಿನತ್ತ ಮುಂದೆ ಸಾಗಿತು. ಆಡುಗಳು ಮಾತ್ರ ಸಾಗಲಿಲ್ಲ.

ಎಂಟನೆಯ ದಿನ ಬೆಳಿಗ್ಗೆ, ಇನ್ನೇನು ನಾನು ಸೋತಂತೆಯೇ ಎಂದು, ದಾದಾ ಬೀಗದ ಕೈಗೆ ಕೈಚಾಚಿದ. ಲಾರಿ ಬರಲು ಇನ್ನೂ ಅರ್ಧ ಗಂಟೆಯಿತ್ತು. ನನಗೆ ಅಳು ಬರುವುದೊಂದೇ ಬಾಕಿ.

"ಒಂದೇ ಒಂದು ಉಪಕಾರ ಮಾಡು ದಾದಾ. ನಾನೇ ಆಡಿನ ಹಾಗೆ ಈ ಓಣಿಯಲ್ಲಿ ಬರುತ್ತೇನೆ, ಅವಕ್ಕೆ ಏನು ಕಾಣುತ್ತದೋ ನೋಡೋಣ. ಎಲ್ಲವೂ ದಿನದಂತೆಯೇ ಇರಬೇಕು. ನನ್ನ ಕೋಟು ಹಾಕಿಕೊಂಡು, ಛತ್ರಿ ಹಿಡಿದು, ನನ್ನ ಜಾಗದಲ್ಲಿ ನಿಲ್ಲು."

ಕೇಂದ್ರ ಸರಕಾರದ ಗೆಜೆಟೆಡ್ ಅಧಿಕಾರಿಯಾದ ನಾನು ಅಂಗೈ ಮೊಣಕಾಲೂರಿ ಓಣಿಯಲ್ಲಿ ತೆವಳಿದೆ. ಗೋಡೆಯಾಚೆ ಕೆಲಸಗಾರರು ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ನಾನು ತಲೆ ತಗ್ಗಿಸಿಕೊಂಡೇ ತಿರುವು ದಾಟಿ ಮೇಲೆ ನೋಡಿದೆ.

ಎದುರಿಗೆ ಆಕಾಶದೆತ್ತರ ಒಂದು ಬಿಳಿ ಆಕೃತಿ! ಅದರ ತಲೆಯ ಮೇಲೆ ಅಲುಗಾಡುವ ದೊಡ್ಡ ಕರಿ ರೆಕ್ಕೆ. ಎದೆ ಧಸಕ್ಕೆಂದು, ನನಗರಿವಿಲ್ಲದೆ ಎರಡು ಹೆಜ್ಜೆ ಹಿಂದೆ ತೆವಳಿದ್ದೆ.

ದಾದಾ ನಂಬಲಿಲ್ಲ. ಕೋಟು ಛತ್ರಿ ನನಗೆ ಕೊಟ್ಟು, ನನ್ನನ್ನು ಅಲ್ಲೇ ನಿಲ್ಲಿಸಿ, ತಾನೇ ತೆವಳಿ ಬಂದ. ತಿರುವಿನಲ್ಲಿ ಕತ್ತೆತ್ತಿದವನು "ಬಾಪ್ ರೇ!" ಎಂದು ಕುಕ್ಕರಿಸಿ ಕೂತ. ಆಮೇಲೆ ಎದ್ದು ಮಂಡಿಯ ಧೂಳು ಕೊಡವಿಕೊಳ್ಳುತ್ತ ಗಂಭೀರನಾಗಿ ಕೇಳಿದ:

"ಹಾಗಾದರೆ ನಮ್ಮ ಬಾವುಟದ್ದು ಏನೂ ತಪ್ಪಿರಲಿಲ್ಲವೇ?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದವನು ನಾನು. ಕೈಮುಗಿದೆ.

ಲಾರಿ ಬಂದಾಗ ಆಫೀಸಿನೊಳಗೆ ಅಡಗಿ, ಕಿಟಕಿಯ ಸಂದಿನಿಂದ ನೋಡಿದೆ. ಮುಂದಿನ ಆಡು ತಿರುವಿಗೆ ಬಂತು, ನೆಲ ಮೂಸಿತು, ನಡೆಯಿತು. ಅದರ ಹಿಂದೆ ಮಿಕ್ಕವೂ ನಡೆದವು. ಒಂದು ಬೈಗುಳವಿಲ್ಲ, ಒಂದು ಏಟಿಲ್ಲ, ಬರೀ ಗೊರಸಿನ ಸದ್ದು. ಪರೀಕ್ಷೆ ಪಾಸಾದ ಹುಡುಗನಂತೆ ಕುಣಿಯುವ ಹಾಗಾಯಿತು. ಅವು ಎಲ್ಲಿಗೆ ಹೋಗುತ್ತಿವೆ ಎಂಬುದು ಆಮೇಲೆ ನೆನಪಾಯಿತು. ಕುಣಿಯಬೇಕೆನ್ನಿಸಿದ್ದಕ್ಕೆ ನಾಚಿಕೆಯಾಯಿತು. ಬೀಗದ ಕೈಯನ್ನು ದಾದಾ ಮತ್ತೆ ಕೇಳಲಿಲ್ಲ. ಸಂಜೆ ಬಾವುಟ ಜಯಕಾರಗಳೊಂದಿಗೆ ಹಳೆಯ ಜಾಗಕ್ಕೆ ಮರಳಿತು.

ಮನೆಗೆ ಬಂದವನು ಕಾನೂನು ಮರೆತು ಬಾಗಿಲಲ್ಲೇ ನಿಂತುಬಿಟ್ಟೆ. ಹೆಂಡತಿ ಮುಖ ನೋಡಿ ಕೇಳಿದಳು:

"ಆಡು ಯಾಕ ನಿಲ್ತಿದ್ವು, ಗೊತ್ತಾತೇನ್ರಿ?"

"ಗೊತ್ತಾತು. ನನ್ನ ನೋಡಿ."

ಸೆರಗು ಬಾಯಿಗೊತ್ತಿಕೊಂಡು ನಕ್ಕಳು. "ಅಷ್ಟಕ್ಕ ಎಂಟು ದಿನಾ ಬೇಕಾತೇನ್ರಿ? ನನ್ನ ಕೇಳಿದ್ರ ಮೊದಲ್ನೇ ದಿನಾನ ಹೇಳ್ತಿದ್ದೆ." ನಗು ನಿಂತ ಮೇಲೆ ಕೇಳಿದಳು: "ಇವತ್ತ ಹೊಡತ ಬೀಳಲಿಲ್ಲಲಾ ಅವಕ್ಕ?"

"ಇಲ್ಲ. ಒಂದಕ್ಕೂ ಬೀಳಲಿಲ್ಲ."

ಅವಳು ಒಳಗಿನಿಂದ ಕುರ್ಚಿ ತಂದು ಹಾಕಿದಳು. ಸ್ನಾನಕ್ಕೆ ಮೊದಲೇ ಚಹಾ ಕೊಟ್ಟಳು.